ಎರಡೂ ಕಡೆ ಹೆಸರಿರುವ ಬೆಂಚು

ಹೋದ ತಿಂಗಳು ಮೊಮ್ಮಗಳ ಜೊತೆ ಶಿಕಾರಿಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ರಸ್ತೆಯ ಟೀ ಅಂಗಡಿಯ ಪಕ್ಕದಲ್ಲಿ ಒಂದು ಹಳೆಯ ಸಿಮೆಂಟ್ ಬೆಂಚು ಇತ್ತು. ಒಂದು ಮೂಲೆ ಒಡೆದಿತ್ತು, ಒರಗುವ ಹಲಗೆಗೆ ಪಾಚಿ ಹಿಡಿದಿತ್ತು. ಅಂಗಡಿಯವನು ಅದರ ಅರ್ಧ ಭಾಗದಲ್ಲಿ ತೊಳೆದ ಲೋಟಗಳನ್ನು ಬೋರಲು ಹಾಕಿದ್ದ. ಮೊಮ್ಮಗಳು ಅದನ್ನೊಂದು ಸುತ್ತು ಹಾಕಿ ಬಂದು, "ಅಜ್ಜೀ, ಈ ಬೆಂಚಿಗೆ ಮುಂದ್ಗಡೆನೂ ಹೆಸರಿದೆ, ಹಿಂದ್ಗಡೆನೂ ಅದೇ ಹೆಸರಿದೆ. ಬರೆಸಿದೋರಿಗೆ ತಲೆ ಕೆಟ್ಟಿತ್ತಾ?" ಎಂದಳು.

ತಲೆ ಕೆಟ್ಟಿರಲಿಲ್ಲ. ಅಷ್ಟು ಚುರುಕಾದ ತಲೆಯನ್ನು ನಾನು ಆಮೇಲೆ ಬೇರೆಲ್ಲೂ ಕಾಣಲಿಲ್ಲ. ಆ ಅಕ್ಷರಗಳ ಮೇಲೆ ಕೈಯಾಡಿಸಿದೆ... ಎದುರುಮನೆ ದೊಡ್ಡಮ್ಮ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಮದುವೆಯಾಗಿ ಆ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದೊಡ್ಡಮ್ಮ ನಮಗೆ ಸಂಬಂಧಿಕರೇನಲ್ಲ. ನನ್ನ ಅತ್ತೆಗಿಂತ ಸ್ವಲ್ಪ ಹಿರಿಯರು, ಹಾಗಾಗಿ ಬೀದಿಗೆಲ್ಲ ದೊಡ್ಡಮ್ಮ. ತವರು ಸೊರಬದ ಕಡೆಯ ಹೊಸಬಾಳೆ, ಗಂಡನಿಗೆ ಅಂಜನಾಪುರದ ನೀರಿನ ಚಾನಲ್ ಕೆಳಗೆ ಗದ್ದೆ. ದನಿ ಅಂದರೆ ಅದು ದನಿ! ಹಿತ್ತಲಲ್ಲಿ ನಿಂತು ಮಾತಾಡಿದರೆ ಬೀದಿ ತುದಿಯ ಅಕ್ಕಿ ಗಿರಣಿಯವರು ತಿರುಗಿ ನೋಡುತ್ತಿದ್ದರು.

ಆಗ ಊರಿನ ಕೆಲವು ದೊಡ್ಡವರು ಸೇರಿ ಒಂದು ಪಾರ್ಕ್ ಕಮಿಟಿ ಮಾಡಿಕೊಂಡರು. ಬಸ್ ಸ್ಟ್ಯಾಂಡ್ ರಸ್ತೆಯ ಪಕ್ಕ, ಸಂತೆಯ ದಿನ ಗಾಡಿ ಬಿಡುತ್ತಿದ್ದ ಖಾಲಿ ಜಾಗಕ್ಕೆ ಬೇಲಿ ಹಾಕಿ, ಹೂವಿನ ಗಿಡ ನೆಟ್ಟು, ಮಕ್ಕಳಿಗೆ ಜಾರುಬಂಡೆ, ಹುಡುಗರಿಗೆ ವಾಲಿಬಾಲ್, ಎಲ್ಲರಿಗೂ ಕೇಳುವ ಹಾಗೆ ಕಂಬಕ್ಕೆ ಕಟ್ಟಿದ ರೇಡಿಯೋ, ಹೀಗೆಲ್ಲ ಯೋಚನೆ ಮಾಡಿದರು. ಒಬ್ಬ ಹೆಂಗಸಾದರೂ ಕಮಿಟಿಯಲ್ಲಿ ಇರಲಿ ಎಂದು ಯಾರೋ ಅಂದದ್ದಕ್ಕೆ ದೊಡ್ಡಮ್ಮನನ್ನು ಸೇರಿಸಿಕೊಂಡರು. ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ ಅಂದುಕೊಂಡಿದ್ದರೋ ಏನೋ, ಪಾಪ! ಮೊದಲ ಸಭೆಯಲ್ಲೇ ಇವರು ಶುಕ್ರವಾರದ ಸಂಜೆಯನ್ನು ಪೂರ್ತಿ ಹೆಂಗಸರಿಗೆ ಅಂತ ಗಿಟ್ಟಿಸಿಕೊಂಡು ಬಂದರು.

"ಕೆಲ್ಸ ಇಲ್ದೆ ಕೂರೋಕೆ ನಂಗೊಂದು ಜಾಗ ಬೇಕು ಮಾರಾಯ್ತಿ," ಎಂದು ಅವತ್ತು ನನ್ನ ಹತ್ತಿರ ಹೇಳಿಕೊಂಡರು. "ಹೊಸಬಾಳೇಲಿ ಕೆರೆ ಏರಿ ಮೇಲೆ ಕೂರ್ತಿದ್ದೆ. ಈ ಊರಿಗೆ ಬಂದ್ಮೇಲೆ ಸುಮ್ನೆ ಕೂತಿದ್ದು ಅಂತ ಒಂದಿನ ಇಲ್ಲ ನೋಡು."

ಪಾರ್ಕು ಆಯಿತು. ಊರಿನ ಅನುಕೂಲಸ್ಥರು ಒಬ್ಬೊಬ್ಬರು ಒಂದೊಂದು ಬೆಂಚು ಮಾಡಿಸಿಕೊಟ್ಟರು. ಒರಗುವ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅವರವರ ಹೆಸರು. ಹೆಸರು ಹೋಗುವವರಿಗೂ ಬರುವವರಿಗೂ ಕಾಣಲಿ ಎಂದು ಬೆಂಚುಗಳನ್ನೆಲ್ಲ ರಸ್ತೆಯ ಕಡೆಗೆ ಮುಖ ಮಾಡಿ ನೆಡಿಸಿದ್ದರು. ತಪ್ಪಾಗಿದ್ದೇ ಅಲ್ಲಿ.

ಮೊದಲ ಶುಕ್ರವಾರ ದೊಡ್ಡಮ್ಮ ನಮ್ಮ ಅತ್ತೆಯನ್ನು ಪುಸಲಾಯಿಸಿ ನನ್ನನ್ನೂ ಕರೆದುಕೊಂಡು ಹೋದರು. ಇನ್ನೂ ಕೆಲವು ಸೊಸೆಯಂದಿರು ಬಂದಿದ್ದರು. ಆಗೆಲ್ಲ ನಮ್ಮಲ್ಲೊಂದು ರೂಢಿ. ಹಿರಿಯ ಗಂಡಸರು ಕಣ್ಣಿಗೆ ಬಿದ್ದರೆ ಹೆಂಗಸರು ಕೂತಿರಬಾರದು. ಎದ್ದು, ಸೆರಗು ಸರಿಮಾಡಿಕೊಂಡು, ಅವರು ದಾಟಿ ಹೋಗುವ ತನಕ ನಿಂತಿರಬೇಕು. ಅದೋ ಬಸ್ ಸ್ಟ್ಯಾಂಡ್ ರಸ್ತೆ! ನಮ್ಮ ಮಾವನವರ ಅಣ್ಣ ಹೋದರು, ಎದ್ದೆವು. ಕೂತೆವು. ಗಿರಣಿಯ ಯಜಮಾನರು ಬಂದರು, ಎದ್ದೆವು. ಅವರು ಛತ್ರಿ ಮರೆತು ಬಂದಿದ್ದರಂತೆ, ವಾಪಸ್ ಹೋದರು, ಮತ್ತೆ ಎದ್ದೆವು. ಸೊರಬದ ಬಸ್ಸು ಬಂದು ನಿಂತಾಗಂತೂ ಇಳಿಯುವವರಲ್ಲಿ ಯಾರು ಹಿರಿಯರು, ಯಾರು ಕಿರಿಯರು ಗೊತ್ತಾಗದೆ ಬಸ್ಸಿಗೇ ಎದ್ದು ನಿಂತೆವು. ಸ್ಕೂಲು ಹುಡುಗರ ಡ್ರಿಲ್ಲು ನಮ್ಮ ಮುಂದೆ ಏನೂ ಅಲ್ಲ. ಮನೆಗೆ ಬರುವಾಗ ಮಂಡಿ ನೋಯುತ್ತಿತ್ತು.

ಮುಂದಿನ ಶುಕ್ರವಾರ ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕಮಿಟಿಯ ಅಧ್ಯಕ್ಷರು ಬಟ್ಟೆ ಅಂಗಡಿಯವರು, ಕೆಟ್ಟವರೇನಲ್ಲ, ನಾನಿದ್ದಾಗಲೇ ದೊಡ್ಡಮ್ಮನ ಮನೆಗೆ ಬಂದು ಹೇಳಿದರು. "ನಾ ಮೊದ್ಲೇ ಅಂದಿದ್ನಲ್ರೀ ಅಮ್ಮಾ, ಹೆಣ್ಮಕ್ಳು ಮನೆ ಬಿಟ್ಟು ಬರಲ್ಲ ಅಂತ. ಯುಗಾದಿ ತಂಕ ನೋಡಾಣ. ಆಮ್ಯಾಲೆ ಶುಕ್ರವಾರನೂ ಹುಡುಗ್ರ ವಾಲಿಬಾಲಿಗೇ ಬಿಟ್ಬಿಡಾಣ."

ಅವರು ಹೋದ ಮೇಲೆ ದೊಡ್ಡಮ್ಮ ಕದ ಹಾಕಿ ಬಂದರು. "ಹೋಗ್ಲಿ ಬಿಡು," ಅಂದರು, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಷ್ಟು ಸಣ್ಣಗೆ. ಕಣ್ಣಲ್ಲಿ ನೀರಿತ್ತು.

ಅದಾದ ಕೆಲವು ದಿನಕ್ಕೆ ದೊಡ್ಡಮ್ಮ ನಮ್ಮ ಹಿತ್ತಲಿಗೆ ಬಂದಿದ್ದರು. ನಮ್ಮ ಅತ್ತೆ ಓಣಿಯ ಕಡೆಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದರು. ಬೇಲಿಯಾಚೆ ಅದೇ ಮಾವನವರ ಅಣ್ಣ ನಡೆದುಹೋದರು. ಅತ್ತೆ ನೋಡಲಿಲ್ಲ, ಹಾಗಾಗಿ ಏಳಲಿಲ್ಲ. ಅವರೂ ಏನೂ ಅಂದುಕೊಳ್ಳದೆ ಹೋದರು. ದೊಡ್ಡಮ್ಮ ಇದ್ದಕ್ಕಿದ್ದಂತೆ ನನ್ನ ರಟ್ಟೆ ಹಿಡಿದುಕೊಂಡರು.

"ಕಂಡ್ರೆ ತಾನೇ ಕಣೇ ಏಳೋದು! ಕಾಣ್ದೇ ಇದ್ರೆ?"

ಮಾರನೇ ದಿನವೇ ಕಮಿಟಿಗೆ ಹೋಗಿ ಬೆಂಚುಗಳನ್ನು ತಿರುಗಿಸಿ ಎಂದರು. ದಾನ ಕೊಟ್ಟವರು ಕೆಂಡಾಮಂಡಲ. ಬೆಂಚು ತಿರುಗಿಸಿದರೆ ರಸ್ತೆಗೆ ಹೆಸರು ಕಾಣುವುದಿಲ್ಲವಲ್ಲ! ಗಿರಣಿಯವರು ತಮ್ಮ ತೀರಿಹೋದ ತಾಯಿಯ ಹೆಸರು ಹಾಕಿಸಿದ್ದರು, ಅವರ ಸಿಟ್ಟು ಎಲ್ಲರಿಗಿಂತ ಹೆಚ್ಚು. ದೊಡ್ಡಮ್ಮ ಅವರೆಲ್ಲ ಕೂಗಾಡಿ ಮುಗಿಯುವ ತನಕ ಕಾದು, ಹಾಲು ಕರೆಯುವಾಗ ಹಸುವಿನ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದರಂತೆ: "ಅಲ್ಲ ಸಾಹುಕಾರ್ರೇ, ಈಗ ನಿಮ್ಮ ಬೆಂಚಿನ ಮೇಲೆ ಯಾರಾದ್ರೂ ಒರಗಿ ಕೂತ್ರೆ ಅಮ್ಮನ ಹೆಸರು ಎಲ್ಲಿ ಹೋಗುತ್ತೆ? ಅವರ ಬೆನ್ನಿನ ಕೆಳಗಲ್ವಾ? ತಿರುಗ್ಸಿ, ಹಿಂದ್ಗಡೆನೂ ಬರೆಸ್ರಿ. ಊರೆಲ್ಲ ಕೂತ್ರೂ ರಸ್ತೆಗೆ ಹೆಸರು ಫಳಫಳ ಅಂತಿರುತ್ತೆ."

ಆಮೇಲೆ ಗಿರಣಿಯವರೇ ಮೊದಲು ಗಾರೆ ಕೆಲಸದವನನ್ನು ಕರೆಸಿದರು. ಅವರು ಬರೆಸಿದರು ಎಂದ ಮೇಲೆ ಉಳಿದವರು ಬಿಟ್ಟಾರೆಯೇ? ಹಾರೆ ಹಾಕಿ ಬೆಂಚು ಕಿತ್ತರು, ತಿರುಗಿಸಿ ನೆಟ್ಟರು, ಹಿಂದುಗಡೆ ಮುಂದಿನದಕ್ಕಿಂತ ದೊಡ್ಡ ಅಕ್ಷರ ಬರೆಸಿದರು.

ಯುಗಾದಿಗೆ ಮುಂಚಿನ ಕೊನೆಯ ಶುಕ್ರವಾರ. ದೊಡ್ಡಮ್ಮ ಮನೆಮನೆಗೆ ಹೋಗಿ ಕರೆದು ಬಂದಿದ್ದರು. ಯಾರೂ ಬರದಿದ್ದರೆ ಏನು ಗತಿ ಎಂದು ನಾನು ಗೇಟಿನ ಕಡೆಗೇ ನೋಡುತ್ತಿದ್ದೆ. ಮೊದಲು ಇಬ್ಬರು ಬಂದರು. ಆಮೇಲೆ ಈಸೂರಿನಿಂದ ಬಂದ ಬೀಗಿತ್ತಿಯನ್ನೂ ಜೊತೆಗೆ ಕರೆದುಕೊಂಡು ನಮ್ಮ ಅತ್ತೆಯೇ ಬಂದರು! ನೋಡುತ್ತಿದ್ದಂತೆ ಬೆಂಚುಗಳೆಲ್ಲ ತುಂಬಿ, ಉಳಿದವರು ಹುಲ್ಲಿನ ಮೇಲೆ ಕೂತರು. ರೇಡಿಯೋದಲ್ಲಿ ಹಾಡು ಬರುತ್ತಿತ್ತು. ಜಾರುಬಂಡೆಯ ಹತ್ತಿರ ಮಕ್ಕಳ ಗಲಾಟೆ. ಯಾರ ಕೈಯಲ್ಲೂ ಮೊರವಿಲ್ಲ, ಹೂವಿಲ್ಲ, ಬತ್ತಿಯಿಲ್ಲ. ಎಲ್ಲರೂ ಸುಮ್ಮನೆ ಕೂತಿದ್ದೆವು.

ಆಗ ಹಿಂದುಗಡೆ ರಸ್ತೆಯಲ್ಲಿ ಚಪ್ಪಲಿಯ ಸದ್ದು. ಆ ಸದ್ದು ಯಾರದೆಂದು ಮನೆಯವರಿಗೆಲ್ಲ ಗೊತ್ತು, ಮಾವನವರ ಅಣ್ಣ. ನಿಂತರು. ಒಮ್ಮೆ ಕೆಮ್ಮಿದರು. ಅಭ್ಯಾಸಕ್ಕೆ ನನ್ನ ಕಾಲು ಎದ್ದೇಬಿಟ್ಟಿತ್ತು, ದೊಡ್ಡಮ್ಮ ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. ಮಾವನವರ ಅಣ್ಣ ಇನ್ನೊಮ್ಮೆ ಕೆಮ್ಮಿದರು, ಜೋರಾಗಿ. ಯಾರೂ ತಿರುಗಲಿಲ್ಲ, ಯಾರೂ ಏಳಲಿಲ್ಲ. ದೊಡ್ಡಮ್ಮ ಎದುರಿಗಿದ್ದ ದಾಸವಾಳದ ಗಿಡವನ್ನೇ ನೋಡುತ್ತ, "ಯಾರಿಗೋ ಪಾಪ ಕೆಮ್ಮು. ಮನೆಗೋಗಿ ಕಷಾಯ ಕುಡೀಲಿ," ಅಂದರು. ಆ ದನಿಯಲ್ಲಿ ಗುಟ್ಟು ಹೇಳಲು ಆಗುತ್ತದೆಯೇ! ನಮ್ಮ ಅತ್ತೆ ಮೊದಲು ಕಿಸಕ್ಕೆಂದರು. ಆಮೇಲೆ ಇಡೀ ಪಾರ್ಕೇ ನಕ್ಕಿತು. ಅಷ್ಟು ಹೆಂಗಸರು ಬಯಲಲ್ಲಿ ಕೂತು ಒಟ್ಟಿಗೆ ನಗುವುದನ್ನು ನಾನು ಅದೇ ಮೊದಲು ಕೇಳಿದ್ದು. ಚಪ್ಪಲಿ ಸದ್ದು ಮುಂದೆ ಹೋಯಿತು. ಹೋಗುತ್ತ ಅವರೂ ನಕ್ಕರು ಎಂದು ಆಮೇಲೆ ಬೇಲಿಯ ಹತ್ತಿರ ಇದ್ದವರು ಹೇಳಿದರು.

ಯುಗಾದಿ ಕಳೆಯಿತು, ವಾಲಿಬಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಅದೇ ಬೇಸಿಗೆಯಲ್ಲಿ ಅಧ್ಯಕ್ಷರ ಹೆಂಡತಿಯೇ ಹಟ ಹಿಡಿದು ಮಂಗಳವಾರವನ್ನೂ ಹೆಂಗಸರಿಗೆ ಮಾಡಿಸಿದರು.

ದೊಡ್ಡಮ್ಮ ಹೋಗಿ ಬಹಳ ವರ್ಷವಾಯಿತು. ಅವರದೊಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ... ಪಾರ್ಕು ಇನ್ನೂ ಇದೆ. ಈಗ ಹೊಸ ಕಬ್ಬಿಣದ ಬೆಂಚುಗಳು, ಎಲ್ಲವೂ ರಸ್ತೆಯ ಕಡೆಗೇ ಮುಖ. ಕಿತ್ತುಹಾಕಿದ ಹಳೆಯವುಗಳಲ್ಲಿ ಒಂದು ಟೀ ಅಂಗಡಿಯ ಪಾಲಾಗಿದೆ. ಕಾಲೇಜು ಹುಡುಗಿಯರು ಮಂಡಕ್ಕಿ ತಿನ್ನುತ್ತ ಕಾಲು ಚಾಚಿ ಕೂತಿದ್ದರು. ಹಿರಿಯರೊಬ್ಬರು ಬಂದರೆ ಒಬ್ಬಳು ಸ್ವಲ್ಪ ಸರಿದು, "ಬನ್ನಿ ತಾತ, ಕೂತ್ಕೊಳ್ಳಿ," ಅಂದಳು. ದೊಡ್ಡಮ್ಮ ಇದನ್ನು ನೋಡಬೇಕಿತ್ತು ಅನ್ನಿಸಿತು.

ಟೀ ಅಂಗಡಿಯವನು ಲೋಟ ಸರಿಸಿ ಜಾಗ ಮಾಡಿಕೊಟ್ಟ. ನಾನು ಆ ಹಳೆಯ ಬೆಂಚಿನ ಮೇಲೆ ಕೂತೆ, ರಸ್ತೆಗೆ ಬೆನ್ನು ಹಾಕಿ. ಹಿಂದೆ ಯಾರೋ ಕೆಮ್ಮಿದರು. ನಾನು ಏಳಲಿಲ್ಲ. ಪಕ್ಕಕ್ಕೆ ತಿರುಗಿದೆ, ಆ ಮಾತು ಹೇಳಲು ದೊಡ್ಡಮ್ಮ ಇರಲಿಲ್ಲ. ಕೊನೆಗೆ ನಾನೇ ಹೇಳಿದೆ, "ಮನೆಗೋಗಿ ಕಷಾಯ ಕುಡೀಲಿ." ನನಗೇ ಜೋರಾಗಿ ನಗು ಬಂತು. ಮೊಮ್ಮಗಳು ಮಾತ್ರ, "ಅಜ್ಜೀ, ಯಾಕೆ ಅಳ್ತಿದೀಯ?" ಎಂದು ಕೇಳಿದಳು.