ಕಾಲುವೆ ಕಲ್ಲಿನ ಅಡಿಯ ಅಕ್ಷರಗಳು

ಮೂರು ವರ್ಷದಿಂದ ಹುಡುಕುತ್ತಿದ್ದ ಶಾಸನವನ್ನು ಒಡೆದು ಹಾಕಲು ಕಳೆದ ತಿಂಗಳು ನಾನೇ ಒಪ್ಪಿಗೆ ಕೊಟ್ಟೆ. ನಗಬೇಡಿ, ಪೂರ್ತಿ ಕೇಳಿ.

ನಿಮಗೆ ಗೊತ್ತಿರುವಂತೆ ನಾನು ರಾಯಚೂರಿನಲ್ಲಿ ಇತಿಹಾಸದ ಮೇಷ್ಟ್ರು. ಭಾನುವಾರ ಬಂತೆಂದರೆ ಮನೆಯಲ್ಲಿ ನಿಲ್ಲುವ ಆಸಾಮಿಯಲ್ಲ. ಬ್ಯಾಂಕಿನವರು, ಟೀಚರುಗಳು, ರಿಟೈರ್ ಆದವರು, ಯಾರು ಸಿಕ್ಕರೆ ಅವರನ್ನು ಬಸ್ ಹತ್ತಿಸಿಕೊಂಡು ಹಾಳು ಕೋಟೆ, ಮುಚ್ಚಿಹೋದ ಬಾವಿ, ಮುರುಕು ಗುಡಿ ತೋರಿಸಲು ಹೊರಡುತ್ತೇನೆ. (ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಮದ್ದಿಲ್ಲ ಎಂಬುದು ಅವಳಿಗೂ ಗೊತ್ತು.)

ಮಾನ್ವಿ ತಾಲ್ಲೂಕಿನ ಮಲ್ಲಟದ ಆಚೆ ಒಂದು ಹೊಲದಲ್ಲಿ ಶಾಸನವಿದೆ ಎಂದು ಹಳೆಯ ಟಿಪ್ಪಣಿಯೊಂದರಲ್ಲಿ ಒಂದೇ ಸಾಲು ಓದಿದ್ದೆ. ನನಗೆ ಅಷ್ಟು ಸಾಕು. ಎರಡು ಸಲ ಹೋಗಿ ಬರಿಗೈಲಿ ಬಂದೆ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿದೆ, ಪೂಜಾರಿಯನ್ನು ಕೇಳಿದೆ, ಹೊಲದ ಗೌಡರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಮೂರನೆಯ ಸಲ ಇಪ್ಪತ್ತು ಜನರನ್ನು ಕಟ್ಟಿಕೊಂಡು ಹೋದೆ. ಮಧ್ಯಾಹ್ನದವರೆಗೆ ಬದುವಿನ ಮೇಲೆ ಅಲೆದು, ಕೊನೆಗೆ ಎಲ್ಲರೂ ಬುತ್ತಿ ಬಿಚ್ಚಿದರು. ನನ್ನ ಮುಖ ನೋಡದೆ ರೊಟ್ಟಿ ತಿಂದರು.

ಗೌಡರು ಪಾಪ, ಬೇರೆ ಮಾತು ತೆಗೆದರು. ಹೊಲದ ಕಾಲುವೆ ದಾಟಲು ಹಾಸಿದ್ದ ಉದ್ದನೆಯ ಚಪ್ಪಡಿ ತೋರಿಸಿ, "ನಾಳಿ ಇಲ್ಲಿ ಪೈಪ್ ಹಾಕಿಸಾಕತ್ತೀನ್ರಿ ಸರ. ಈ ಕಲ್ಲು ಒಡದು ಮೋಟರ್ ಮನಿ ಬುನಾದಿಗಿ ಹಾಕ್ತೀನಿ" ಎಂದರು.

"ಒಡೀರಿ ಗೌಡ್ರೇ, ಕಾಲು ಜಾರ್ತದ" ಎಂದೆ. ಬೆಳಿಗ್ಗೆಯಿಂದ ಅದರ ಮೇಲೆ ಎರಡು ಸಲ ಜಾರಿದ್ದೆ.

ಕಾಲುವೆಗೆ ನೀರು ಬಂದ್ ಆಗಿತ್ತು. ಕೂಲಿ ಹೆಣ್ಣುಮಕ್ಕಳು ಒಳಗಿಳಿದು ಹೂಳು ತೆಗೆಯುತ್ತಿದ್ದರು. ಅವರಲ್ಲೊಬ್ಬಾಕೆ ಹನುಮವ್ವ, ಪ್ರತಿವರ್ಷ ದೇವದುರ್ಗದ ಕಡೆಯಿಂದ ಕೂಲಿಗೆ ಬರುವವಳು, ಬುಟ್ಟಿ ಕೆಳಗಿಟ್ಟಳು.

"ಒಡಿಬ್ಯಾಡ್ರಿ ಯಪ್ಪಾ. ಅದರ ಅಡಿ ಏನೋ ಬರದಾರ. ಹೂಳು ತೆಗಿಯಾಗ ಕೈಗಿ ಹತ್ತತದ."

ಪ್ಯಾಂಟ್ ಮಡಿಚುವ ವ್ಯವಧಾನ ಯಾರಿಗಿತ್ತು? ಕೆಸರಿಗಿಳಿದೆ. ಕಲ್ಲಿನಡಿ ಅಂಗಾತ ಮಲಗಿ ಮೊಬೈಲ್ ಟಾರ್ಚ್ ಹಾಕಿದೆ. ಮೂಗಿನಿಂದ ಗೇಣು ದೂರದಲ್ಲಿ ಸಾಲು ಸಾಲು ಅಕ್ಷರ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಗೌಡರು ಒಮ್ಮೆ ಕಲ್ಲು ನೋಡಿದರು, ಒಮ್ಮೆ ನನ್ನ ಪ್ಯಾಂಟು ನೋಡಿದರು. "ಬುನಾದಿಗಿ ಬ್ಯಾರೆ ಕಲ್ಲು ತರಿಸ್ತೀನಿ ಬಿಡ್ರಿ" ಎಂದರು.

ಹಾರೆ ಬಂತು, ಹಗ್ಗ ಬಂತು. ಫೈಲು ಬಿಟ್ಟು ಬೇರೇನೂ ಎತ್ತದ ಬ್ಯಾಂಕ್ ಮ್ಯಾನೇಜರೂ ಹೆಗಲು ಕೊಟ್ಟರು. ಕಲ್ಲು ಮಗುಚಿ, ತೊಳೆದು, ಗೌಡರ ಮನೆಯ ಜೋಳದ ಹಿಟ್ಟು ಉಜ್ಜಿದೆವು. ಬೆಳ್ಳಗೆ ಎದ್ದು ಬಂದವು ಅಕ್ಷರಗಳು. ಅರ್ಧ ಸವೆದಿವೆ. ಉಳಿದದ್ದರಲ್ಲಿ ತಿಳಿದದ್ದು ಇಷ್ಟು: ಕೆರೆಯ ಹೂಳು ತೆಗೆಯುವವರಿಗೆ ಹೊಲವನ್ನು ಉಂಬಳಿಯಾಗಿ ಬಿಟ್ಟಿದ್ದಾರೆ.

ಓದಿ ಹೇಳಿದೆ. "ಆಗ ಹೊಲ ಕೊಡ್ತಿದ್ರೇನ್ರಿ?" ಎಂದಳು ಹನುಮವ್ವ, ಗೌಡರ ಕಡೆ ನೋಡುತ್ತ. ಗೌಡರಿಗೆ ತಕ್ಷಣ ಕೆಮ್ಮು ಬಂತು.

ಮೂರು ವರ್ಷ ನಾನು ಕೇಳಿದ್ದೆಲ್ಲ ಕೂತವರನ್ನು. ಬಗ್ಗಿ ದುಡಿಯುವವರನ್ನು ಒಮ್ಮೆಯಾದರೂ ಕೇಳಿದ್ದೆನೇ? ಇಲ್ಲ. ಪಿಎಚ್‌ಡಿ ಇದ್ದವರಿಗೆ ಇಷ್ಟು ಸಣ್ಣ ವಿಷಯ ಹೊಳೆಯುವುದಿಲ್ಲ ನೋಡಿ.

ಈಗ ಕಲ್ಲು ಊರ ಬೇವಿನ ಮರದಡಿ ನೆಟ್ಟಗೆ ನಿಂತಿದೆ. ಕಳೆದ ಭಾನುವಾರ ನಲವತ್ತು ಜನರನ್ನು ಕರೆದೊಯ್ದೆ. ತೋರಿಸಿದ್ದು ಹನುಮವ್ವ. ಕೈಗೆ ಮೊದಲು ಹತ್ತಿದ ಅಕ್ಷರ ಯಾವುದು, ಯಾವ ಮಗ್ಗುಲು ನೀರಿಗೆ ಸವೆದಿದೆ, ಒಂದೊಂದನ್ನೂ ಬೆರಳಿಟ್ಟು ಹೇಳುತ್ತಿದ್ದಳು. ಜನ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಲಿಪಿಯ ಬಗ್ಗೆ ಎರಡು ಮಾತು ಸೇರಿಸೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ.

"ಸರ, ತಡೀರಿ. ನಂದು ಮುಗೀಲಿ" ಎಂದಳು.

ಜೀವನವಿಡೀ ಪಾಠ ಹೇಳಿದ ಬಾಯಿ, ಇಷ್ಟು ಖುಷಿಯಿಂದ ಎಂದಾದರೂ ಮುಚ್ಚಿಕೊಂಡಿತ್ತೇ?