ಬೆಲ್ಟನ್ ಸಾಹೇಬರ ಸರ್ಜರಿ

ಶನಿವಾರ ಬೆಳಿಗ್ಗೆ ಎದುರುಮನೆಯ ಗರಾಜಿನ ಬಾಗಿಲು ಮೇಲೆದ್ದರೆ ಒಳಗೆ ಕಾರಿನ ಬದಲು ಟೈ ಕಟ್ಟಿಕೊಂಡ ಮುದುಕರೊಬ್ಬರು ಕಾಣುತ್ತಿದ್ದರು. ಅವರ ಮುಂದೆ ಮಡಿಸುವ ಮೇಜು, ಆಚೆಗೆ ಎರಡು ಖಾಲಿ ಕುರ್ಚಿ, ಹೊರಗೆ ರಟ್ಟಿನ ಬೋರ್ಡು: 'ಸರ್ಜರಿ. ಯಾರು ಬೇಕಾದರೂ ಬರಬಹುದು.'

ಎಂಬತ್ತರ ದಶಕ. ನಾವಾಗ ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿದ್ದೆವು. ಧಾರವಾಡದಿಂದ ಹೊಸದಾಗಿ ಬಂದಿದ್ದ ನನ್ನ ಅತ್ತೆ, ಅಮೆರಿಕದ ಡಾಕ್ಟರ ಫೀಸು ಕೇಳಿಯೇ ಅರ್ಧ ಗುಣವಾಗಿದ್ದವರು, ಆ ಬೋರ್ಡು ನೋಡಿದ್ದೇ ತಡ, ನನ್ನ ಕೈ ಹಿಡಿದು ಎಳೆದೊಯ್ದರು. ಕುರ್ಚಿಯಲ್ಲಿ ಕೂತು ಸೀರೆ ಸ್ವಲ್ಪ ಮೇಲೆತ್ತಿ, "ನೋಡ್ರಿ, ಮೆಟ್ಟಲಾ ಹತ್ತಬೇಕಾದ್ರ ಕಟಕಟ ಅಂತದ" ಎಂದರು.

ಸಾಹೇಬರು ಮೊಣಕಾಲನ್ನು ಗಂಭೀರವಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಇದು ನನ್ನ ಕೈಲಾಗದ್ದು, ಲವ್. ನಾನು ಡಾಕ್ಟರಲ್ಲ, ಪಾರ್ಲಿಮೆಂಟ್ ಮೆಂಬರಾಗಿದ್ದವನು." ಅವರು ಇಂಗ್ಲಿಷರು. ಅವರ ದೇಶದಲ್ಲಿ ಎಂಪಿಗಳು ತಮ್ಮ ಊರಿನಲ್ಲಿ ಕೂತು ಜನರ ಕಷ್ಟ ಕೇಳುವುದಕ್ಕೇ ಸರ್ಜರಿ ಎನ್ನುತ್ತಾರಂತೆ.

ಮನೆಗೆ ಬಂದ ಮೇಲೆ ಅತ್ತೆಯ ಮುಖ ಗಂಟಿಕ್ಕಿತು. "ಕಾಲಿನ ಮಾತು ಹೋಗ್ಲಿ. ಆ ಮುದುಕ ನಿನಗ ಲವ್ ಅಂತಾನಲ್ಲ, ನಿನ್ನ ಗಂಡಗ ಗೊತ್ತದ ಏನು?"

"ಅತ್ತೆ, ಅವರ ಕಡೆ ಎಲ್ಲ ಹೆಂಗಸರಿಗೂ ಹಾಗೇ ಅಂತಾರಂತೆ. ನೀವು 'ತಂಗಿ' ಅಂತೀರಲ್ಲ, ಹಾಗೆ."

"ಎಲ್ಲಾರ್ಗೂ ಅಂತಾನೇನು? ಮತ್ತ ನನಗ್ಯಾಕ ಅನ್ಲಿಲ್ಲ?"

ಮುಂದಿನ ಶನಿವಾರ ಸಾಹೇಬರು ಅತ್ತೆಗೂ 'ಲವ್' ಅಂದರು. ಅಂದಿನಿಂದ ಗರಾಜಿಗೆ ಅವಲಕ್ಕಿ ಹೋಗತೊಡಗಿತು.

ಬೆಲ್ಟನ್ ಅವರು ಕಲ್ಲಿದ್ದಲ ಗಣಿಯ ಕೆಲಸಗಾರನ ಮಗ, ತಾವೂ ಹುಡುಗರಾಗಿರುವಾಗಲೇ ಗಣಿಗೆ ಇಳಿದವರು. ಎರಡು ಚುನಾವಣೆ ಸೋತು ಮೂರನೆಯದನ್ನು ಗೆದ್ದರಂತೆ. ಮಂತ್ರಿಯಾಗಲಿಲ್ಲ. ಊರಿನ ಗಣಿ ಮುಚ್ಚುವ ಮಾತು ಬಂದಾಗ ಸ್ವಂತ ಪಕ್ಷದ ವಿರುದ್ಧವೇ ಮತ ಹಾಕಿದವರನ್ನು ಯಾರು ಮಂತ್ರಿ ಮಾಡುತ್ತಾರೆ? ಕೊನೆಗೆ ಸ್ಥಾನ ಹೋಯಿತು, ಹೆಂಡತಿಯೂ ತೀರಿಕೊಂಡರು. ಇಲ್ಲಿ ನರ್ಸಾಗಿದ್ದ ಮಗಳ ಮನೆಗೆ ಬಂದರು. ಗಾಣದೆತ್ತಿನ ನೊಗ ಇಳಿಸಿದರೂ ಕಾಲು ಸುತ್ತುವುದನ್ನು ಬಿಟ್ಟೀತೆ!

ಆ ವರ್ಷ ನಮ್ಮ ಬಸ್ಸು ನಿಲ್ಲಿಸುತ್ತಾರೆಂದು ನೋಟಿಸು ಅಂಟಿಸಿದರು, ಅದಕ್ಕೆ ಊರವರ ಸಭೆಯನ್ನೂ ಕರೆದರು. ನಾನು ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದುದು ಅದರಲ್ಲೇ. ನನಗೆ ಡ್ರೈವಿಂಗು ಬಾರದು. ಇದ್ದ ಒಂದೇ ಕಾರು ಬೆಳಗಾದರೆ ಯಜಮಾನರ ಜೊತೆ ಬರ್ಕ್ಲಿಗೆ ಹೋಗುತ್ತಿತ್ತು. ಬಸ್ಸು ಹೋದರೆ ಕೆಲಸವೂ ಹೋದಂತೆ. ಗರಾಜಿಗೆ ಓಡಿದೆ. "ಸಭೇಲಿ ನಮ್ಮ ಪರವಾಗಿ ನೀವು ಮಾತಾಡಿ, ಸಾರ್."

"ನನಗಿಲ್ಲಿ ಓಟಿಲ್ಲ. ಆ ಬಸ್ಸೂ ಹತ್ತುವುದಿಲ್ಲ. ಹತ್ತುವವಳು ನೀನು, ಲವ್."

"ನನ್ನ ಇಂಗ್ಲಿಷಿಗೆ ನಗ್ತಾರೆ."

"ನನ್ನ ಗಣಿಯೂರಿನ ಇಂಗ್ಲಿಷಿಗೂ ನಕ್ಕರು, ಪಾರ್ಲಿಮೆಂಟಿನಲ್ಲೇ. ನಗು ನಿಲ್ಲುವ ತನಕ ನಿಂತಿರು. ಕೂತೆಯೋ, ಕೆಟ್ಟೆ."

ದಿನಾ ಸಂಜೆ ಗರಾಜಿನಲ್ಲಿ ತಾಲೀಮು ನಡೆಯಿತು. ಅವರು ಎದುರು ಪಕ್ಷದವರಾಗಿ ಮೇಜು ಗುದ್ದಿ ಅಡ್ಡಬಾಯಿ ಹಾಕುತ್ತಿದ್ದರು. ಅತ್ತೆಯೂ ಅವರ ಪಕ್ಷಕ್ಕೇ ಸೇರಿಬಿಟ್ಟರು: "ಸಾಕು, ಕುಂದ್ರು! ಬಸ್ ಯಾಕ ಬೇಕು ನಿನಗ? ನಡಕೋತ ಹೋಗು!" ಇಬ್ಬರ ಗದ್ದಲ ಕೇಳಿ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ನನಗೆ ಅಳು ಬಂದ ದಿನ ಸಾಹೇಬರು ನೀರು ಕೊಟ್ಟರು. ಕುಡಿದಾದ ಮೇಲೆ "ಮೊದಲಿನಿಂದ" ಎಂದರು.

ಸಭೆಯಲ್ಲಿ ನಾನು ಎರಡು ಮಾತು ಆಡುವುದರೊಳಗೆ ಹಿಂದಿನಿಂದ ಯಾರೋ "ಕಾರು ಕಲಿಯಬಾರದೇ?" ಎಂದರು. ಹಾಲೆಲ್ಲ ನಕ್ಕಿತು. ನಾನು ಕೂರಲಿಲ್ಲ. ಅತ್ತೆಯ ಗದ್ದಲದ ಮುಂದೆ ಅದೆಷ್ಟರದು? ಸದ್ದಡಗಿದ ಮೇಲೆ ಹೇಳಿದೆ: "ಈ ಬಸ್ಸಿನವರಲ್ಲಿ ಕೆಲವರು ಇಲ್ಲಿದ್ದೇವೆ. ಉಳಿದವರು ಈ ಹೊತ್ತಿನಲ್ಲಿ ನಿಮ್ಮ ಆಫೀಸುಗಳನ್ನು ಗುಡಿಸುತ್ತಿದ್ದಾರೆ. ಅವರು ಮನೆಗೆ ಹೇಗೆ ಬರಬೇಕು?" ಯಾರೂ ಮತ್ತೆ ನಗಲಿಲ್ಲ. ಮಧ್ಯಾಹ್ನದ ಬಸ್ಸು ಹೋಯಿತು. ಬೆಳಗಿನದೂ ಸಂಜೆಯದೂ ಉಳಿದವು. ನನ್ನ ಕೆಲಸವೂ ಉಳಿಯಿತು.

ಎರಡು ಚಳಿಗಾಲ ಕಳೆದ ಮೇಲೆ ಅವರ ಊರಿನಿಂದ ಫೋನು ಬಂತು. ಚುನಾವಣೆಗೆ ಪಕ್ಷಕ್ಕೆ ಅಭ್ಯರ್ಥಿಯೇ ಸಿಕ್ಕಿರಲಿಲ್ಲ, ಇವರನ್ನೇ ನಿಲ್ಲಲು ಕೇಳಿದ್ದರು.

"ಗೆಲ್ತೀರೇನು?" ಅತ್ತೆ ಕೇಳಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ಖಂಡಿತ ಇಲ್ಲ, ಲವ್."

"ಮತ್ತ ಈ ವಯಸ್ಸಿನ್ಯಾಗ ಸೋಲಾಕ ಅಷ್ಟು ದೂರ ಹೋಗ್ಬೇಕೇನು?"

"ನಾನು ನಿಲ್ಲದಿದ್ದರೆ ಅಲ್ಲಿಯ ಜನ ಓಟು ಯಾರಿಗೆ ಹಾಕಬೇಕು?"

ಅವರು ಹೊರಡುವ ಬೆಳಿಗ್ಗೆ ನಾನು ರಜಾ ಹಾಕುತ್ತೇನೆಂದೆ. ಕೇಳಲಿಲ್ಲ, ಕೋಟು ಏರಿಸಿ ನನ್ನ ಜೊತೆಗೇ ಸ್ಟಾಪಿನವರೆಗೆ ನಡೆದು ಬಂದರು. ಬಸ್ಸು ಬಂದು ಬಾಗಿಲು ತೆರೆಯಿತು. ನನಗೆ ಕಾಲು ಕೀಳಲಾಗಲಿಲ್ಲ.

"ಹತ್ತು! ಇಷ್ಟು ಹೊಡೆದಾಡಿ ಉಳಿಸಿದ ಬಸ್ಸು, ಸೀಟು ಖಾಲಿ ಹೋಗಬಾರದು."

ಹತ್ತಿದೆ. ಕಿಟಕಿಯ ಪಕ್ಕ ಕೂತು ಕೈ ಎತ್ತುವಷ್ಟರಲ್ಲಿ ಅವರಾಗಲೇ ಬೆನ್ನು ತಿರುಗಿಸಿ ಬಿರಬಿರನೆ ಮನೆಯತ್ತ ಹೊರಟಿದ್ದರು. ಅವರಿಗೆ ಚುನಾವಣೆಯಿತ್ತು.