ಪಚ್ಚಪ್ಪನ ಬೆಳಕು, ಮೃತ್ಯುಂಜಯಪ್ಪನವರ ಹಾಳೆ

ನಜರ್‌ಬಾದಿನ ಇಕ್ಕಟ್ಟು ರಸ್ತೆಯೊಂದರಲ್ಲಿರುವ ಮೃತ್ಯುಂಜಯಪ್ಪನವರ ಲ್ಯಾಮಿನೇಷನ್ ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಒಂದು ವೀಳ್ಯದೆಲೆ. ಇಪ್ಪತ್ತೊಂದು ವರ್ಷದ ಹಿಂದೆ ಅಂಗಡಿ ಪೂಜೆಯ ದಿನ ತಟ್ಟೆಯಲ್ಲಿ ಉಳಿದಿದ್ದ ಎಲೆಯನ್ನು ಮೆಷಿನ್ನಿಗೆ ಕೊಟ್ಟು ಗೋಡೆಗೆ ನೇತುಹಾಕಿದ್ದರು. ಈಗ ಅದರ ಹಸಿರೆಲ್ಲ ಹೋಗಿ ಕಾಫಿಪುಡಿಯ ಬಣ್ಣ ಬಂದಿದೆ. ಆದರೆ ಒಂದು ಮೂಲೆಯೂ ಹರಿದಿಲ್ಲ ನೋಡಿ ಎಂದು ಅವರು ಬಂದವರಿಗೆಲ್ಲ ತೋರಿಸುತ್ತಾರೆ.

ಲೋಕದಲ್ಲಿ ವಸ್ತುಗಳಿಗೆ ಮೂರೇ ಶತ್ರುಗಳು ಎಂಬುದು ಅವರ ಸಿದ್ಧಾಂತ: ನೀರು, ದೂಳು, ಜನರ ಕೈ. ಈ ಮೂರರಿಂದ ಕಾಪಾಡಲು ದೇವರು ತಮ್ಮನ್ನು ಕಳಿಸಿದ್ದಾನೆಂದು ಅವರು ಬಾಯಿ ಬಿಟ್ಟು ಹೇಳಿಲ್ಲ, ಆದರೆ ಶ್ರೀರಾಂಪುರದ ಅವರ ಮನೆಗೆ ಹೋದರೆ ತಾನಾಗಿಯೇ ತಿಳಿಯುತ್ತದೆ. ಟಿವಿ ರಿಮೋಟಿಗೆ ಕವರು, ಸೋಫಾಕ್ಕೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ಕು, ಫ್ರಿಜ್ಜಿನ ಹಿಡಿಗೆ ಅಂಗಿ. ಹೆಂಡತಿ ಸರ್ವಮಂಗಳಾ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ಸಾರಿನ ಪುಡಿಯ ಅಳತೆಯೂ ಒಂದು ದಿನ ಲ್ಯಾಮಿನೇಟ್ ಆಗಿ ವಾಪಸ್ ಬಂತು. ಅದರಲ್ಲಿ ಮೆಣಸಿನ ಅಳತೆ ತಪ್ಪಿದೆ, ತಿದ್ದೋಣ ಎಂದರೆ ಪೆನ್ನು ಜಾರುತ್ತಿತ್ತು. ಇವತ್ತಿಗೂ ಆ ಮನೆಯ ಸಾರು ಸ್ವಲ್ಪ ಖಾರವೇ.

ಈಚೆಗೆ ಕಾಲ ಕೆಟ್ಟಿತ್ತು. ಮೂಲ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬಾರದು ಎಂದು ಕಚೇರಿಗಳಲ್ಲಿ ಹೇಳತೊಡಗಿದ್ದರು. ಹಳೇ ಗಿರಾಕಿಗಳು ಬಂದು, ನಿಮ್ಮಿಂದ ನನ್ನ ಮಗನ ಕೆಲಸ ನಿಂತಿತು ಎಂದು ಕೂಗಾಡಿ ಹೋಗುತ್ತಿದ್ದರು. ಮೃತ್ಯುಂಜಯಪ್ಪನವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಚೇರಿಯವರಿಗೆ ಒಳ್ಳೇ ಕೆಲಸದ ಬೆಲೆ ಗೊತ್ತಿಲ್ಲ ಎಂದುಕೊಂಡು ಸುಮ್ಮನಾದರು. ಒಳ್ಳೇ ಕೆಲಸ ಅಂದರೆ ಏನು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸದಾ ಒಂದೇ: "ಹಾಕಿರೋದೇ ಗೊತ್ತಾಗ್ಬಾರ್ದು ಕಣ್ರೀ. ಆಗ್ಲೇ ಅದು ಲ್ಯಾಮಿನೇಷನ್."

ಇಂಥ ಮನೆಗೆ ಹೋದ ವರ್ಷ ಪಚ್ಚಪ್ಪ ಬಂದ. ಪಚ್ಚಪ್ಪ ಒಂದು ಗೋಸುಂಬೆ. ತಂದವಳು ಒಬ್ಬಳೇ ಮಗಳು ಲಾಸ್ಯ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ನಮ್ಮ ಬೆಟ್ಟದ ಪೊದೆಗಳಲ್ಲಿರುವ ಗೋಸುಂಬೆಯನ್ನು ಹಿಡಿದು ಸಾಕುವುದು ಅಪರಾಧ, ಇದು ಯೆಮನ್ ದೇಶದ ಕುಲ, ಬೆಂಗಳೂರಿನಲ್ಲಿ ಸಾಕುವವರೊಬ್ಬರ ಮನೆಯಲ್ಲೇ ಮೊಟ್ಟೆ ಒಡೆದು ಬಂದದ್ದು, ಸರ್ಕಾರದ ನೋಂದಣಿ ಪತ್ರವೂ ಇದೆ ಎಂದು ಅವಳು ವಿವರಿಸಿದಳು. ಅಪ್ಪ ಪ್ರಾಣಿಯನ್ನು ನೋಡಲಿಲ್ಲ, ಪತ್ರವನ್ನು ನೋಡಿದರು. ಮಾರನೆಯ ಸಂಜೆಗೆ ಅದು ಲ್ಯಾಮಿನೇಟ್ ಆಗಿತ್ತು. ಆ ಮನೆಯಲ್ಲಿ ಸ್ವಾಗತ ಎಂದರೆ ಅದೇ.

ಕಷ್ಟವಾದದ್ದು ಸರ್ವಮಂಗಳಾಗೆ. ಬೆಳಗೆದ್ದು ಲಿಂಗಪೂಜೆ ಮಾಡುವ, ಮೊಟ್ಟೆಯನ್ನೂ ಒಳಗೆ ತರದ ಮನೆಯಲ್ಲಿ ಇದರ ಊಟಕ್ಕೆಂದು ಒಂದು ಡಬ್ಬಿ ತುಂಬ ಜೀವಂತ ಹುಳುಗಳು ಕಿರ್ ಎನ್ನುತ್ತಿದ್ದವು. ಕೊನೆಗೆ ರಾಜಿಯಾಯಿತು. ಡಬ್ಬಿ ಬಾಲ್ಕನಿಯಲ್ಲೇ ಇರಬೇಕು, ಸೋಮವಾರ ಮಾತ್ರ ಪಚ್ಚಪ್ಪ ದೇವರ ಮನೆಗೆ ಬೆನ್ನು ಹಾಕಿ ತಿನ್ನಬೇಕು. ಪಚ್ಚಪ್ಪ ಬೆನ್ನು ಹಾಕುತ್ತಿದ್ದ. ಆದರೆ ಅವನ ಕಣ್ಣುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗುತ್ತಿದ್ದುದರಿಂದ ಒಂದು ಕಣ್ಣು ದೇವರ ಮನೆಯ ಕಡೆಗೇ ಇರುತ್ತಿತ್ತು. ಪ್ರಾಣಿಯಾದರೂ ಭಕ್ತಿ ಇದೆ ಎಂದು ಸರ್ವಮಂಗಳಾ ಸಮಾಧಾನ ಮಾಡಿಕೊಂಡರು.

ಮೃತ್ಯುಂಜಯಪ್ಪನವರು ಸೋತದ್ದು ನಿಧಾನವಾಗಿ. ಅಂಗಡಿಯಿಂದ ಬಂದು ಕಾಫಿ ಲೋಟ ಹಿಡಿದು ಗೂಡಿನ ಮುಂದೆ ಕೂತರೆ, ಅವರ ಮಾತನ್ನು ಎದ್ದು ಹೋಗದೆ ಕೊನೆಯವರೆಗೂ ಕೇಳುವ ಜೀವ ಮನೆಯಲ್ಲಿ ಅದೊಂದೇ ಇತ್ತು. ಒಂದು ಕಣ್ಣು ಅವರ ಮೇಲೆ, ಇನ್ನೊಂದು ಕಿಟಕಿಯ ಮೇಲೆ. ಗಿರಾಕಿಗಳೂ ಹಾಗೆಯೇ ಕೇಳುತ್ತಾರಾದ್ದರಿಂದ ಅವರಿಗೆ ಬೇಜಾರಾಗಲಿಲ್ಲ. ಪಚ್ಚಪ್ಪ ಮೊದಲ ಸಲ ಅವರ ಬೆರಳ ತುದಿಯಿಂದ ಹುಳುವನ್ನು ನಾಲಗೆ ಚಾಚಿ ಎಳೆದುಕೊಂಡ ದಿನ ಅವರು ಇಡೀ ಬೀದಿಗೆ ಅದನ್ನು ಹೇಳಿದರು. ಗೋಸುಂಬೆ ಎಂದ ಕೂಡಲೇ ಎಲ್ಲರೂ ರಾಜಕಾರಣಿಗಳ ಜೋಕು ಹೇಳುತ್ತಿದ್ದರು. ಆ ಜೋಕನ್ನು ಲ್ಯಾಮಿನೇಟ್ ಮಾಡಿ ಅಂಗಡಿಯಲ್ಲಿ ನೇತುಹಾಕಿಬಿಟ್ಟರೆ ಕೇಳುವ ಕಾಟ ತಪ್ಪುತ್ತದೆ ಎಂದು ಅವರಿಗೆ ಅನ್ನಿಸಿದ್ದುಂಟು.

ಪಚ್ಚಪ್ಪನ ಗೂಡಿನ ಸುತ್ತಲೂ ಜಾಲರಿ. ನೆತ್ತಿಯ ಮೇಲೆ ತಗಡಿನ ಮುಚ್ಚಳದೊಳಗೆ ಒಂದು ಟ್ಯೂಬ್‌ಲೈಟು. ಅದು ನಮ್ಮ ನಿಮ್ಮ ಮನೆಯ ಟ್ಯೂಬ್‌ಲೈಟಲ್ಲ, ಯುವಿಬಿ ಎಂಬ ಕಿರಣ ಬಿಡುವಂಥದ್ದು, ಬಿಸಿಲಿನಲ್ಲಿರುವ ಆ ಕಿರಣ ಮೈಮೇಲೆ ಬಿದ್ದರೇ ಇವನಿಗೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದು ಎಂದು ಲಾಸ್ಯ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದ್ದಳು. ಅಪ್ಪನ ತಲೆಯಲ್ಲಿ ಉಳಿದದ್ದು ಎರಡೇ: ಲೈಟು ದುಬಾರಿಯದು, ಮತ್ತು ಪಚ್ಚಪ್ಪ ಎಲೆಯ ಮೇಲಿನ ಹನಿಯನ್ನೇ ಕುಡಿಯುವುದರಿಂದ ಆ ಲೈಟಿನ ಕೆಳಗೇ ದಿನಕ್ಕೆರಡು ಸಲ ನೀರು ಸಿಂಪಡಿಸುತ್ತಾರೆ. ಕರೆಂಟು, ನೀರು, ಮೇಲೆ ದೂಳು. ಅವರಿಗೆ ನಿದ್ದೆ ಬರಲಿಲ್ಲ.

ಒಂದು ಭಾನುವಾರ ಲಾಸ್ಯ ಮೌಲ್ಯಮಾಪನಕ್ಕೆಂದು ಹೋದಾಗ ಅವರು ಅಂಗಡಿಯಿಂದ ಅತಿ ದಪ್ಪದ ಲ್ಯಾಮಿನೇಷನ್ ಹಾಳೆ ತಂದರು. ಅಳತೆ ತೆಗೆದು, ಕತ್ತರಿಸಿ, ನಾಲ್ಕು ಮೂಲೆಗಳನ್ನೂ ದುಂಡಗೆ ಮಾಡಿ, ಟ್ಯೂಬು ಕೂತಿದ್ದ ತಗಡಿನ ಬಾಯಿಗೆ ಪಾರದರ್ಶಕ ಟೇಪಿನಿಂದ ಅಂಟಿಸಿದರು. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಸಂಜೆ ಬಂದ ಲಾಸ್ಯ ಗೂಡಿನ ಮುಂದೆ ಅರ್ಧ ಗಂಟೆ ಕೂತಿದ್ದಳು, ಅವಳಿಗೆ ಗೊತ್ತೇ ಆಗಲಿಲ್ಲ. ಅವರೂ ಹೇಳಲಿಲ್ಲ. ಹೇಳಿ ಹೊಗಳಿಸಿಕೊಳ್ಳುವ ಕೆಲಸ ಅವರು ಜನ್ಮದಲ್ಲಿ ಮಾಡಿದವರಲ್ಲ.

ಎರಡು ತಿಂಗಳಿಗೆ ಪಚ್ಚಪ್ಪ ಬದಲಾದ. ಮೊದಲು ನಾಲಗೆಯ ಗುರಿ ತಪ್ಪಿತು. ಆಮೇಲೆ ನಾಲಗೆ ಹುಳುವಿನವರೆಗೂ ಹೋಗದೆ ಅರ್ಧಕ್ಕೇ ನಿಂತಿತು. ಕೊಂಬೆ ಹಿಡಿಯುವ ಕಾಲು ನಡುಗುತ್ತಿತ್ತು, ಮುಂಗಾಲೊಂದು ಬಾಗಿತು, ಮೈ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತು. ಒಂದು ಬೆಳಗ್ಗೆ ಅವನು ಕೊಂಬೆಯಿಂದ ಕೆಳಗೆ ಬಿದ್ದು ಬಿದ್ದಲ್ಲೇ ಮಲಗಿದ್ದ. ಬಡಾವಣೆಯ ನಾಯಿ ಡಾಕ್ಟರು ನೋಡಿ, ಇದು ನನಗೆ ಗೊತ್ತಿಲ್ಲದ ಜೀವ, ಹೂಟಗಳ್ಳಿಯಲ್ಲಿ ಹಕ್ಕಿ, ಆಮೆ, ಹಾವು ನೋಡುವ ಡಾಕ್ಟರ್ ವರ್ಷಿಣಿ ಎಂಬವರಿದ್ದಾರೆ, ಅಲ್ಲಿಗೆ ಹೋಗಿ ಎಂದು ಮರ್ಯಾದೆಯಾಗಿ ಒಪ್ಪಿಕೊಂಡರು. ಸರ್ವಮಂಗಳಾ ತಮ್ಮ ಪೂಜೆಯ ಹೂಬುಟ್ಟಿಯನ್ನೇ ತೆರವು ಮಾಡಿ, ಹಳೇ ಸೀರೆ ಹಾಸಿ ಕೊಟ್ಟರು. ಅಪ್ಪ ಮಗಳು ಆಟೋ ಹತ್ತಿದರು.

ಡಾಕ್ಟರ್ ವರ್ಷಿಣಿ ಪಚ್ಚಪ್ಪನ ದವಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ರಬ್ಬರಿನ ಹಾಗೆ ಬಾಗಿತು. ಎಕ್ಸರೇಯಲ್ಲಿ ಮೂಳೆಗಳು ಇರಬೇಕಾದ ಕಡೆ ಬರೀ ಮಸಕು. ಮೂಳೆ ಮೆತ್ತಗಾಗಿದೆ, ಕ್ಯಾಲ್ಸಿಯಂ ಹಿಡಿಯುತ್ತಿಲ್ಲ ಎಂದು ಹೇಳಿ ಅವರು ಒಂದೊಂದೇ ಕೇಳುತ್ತ ಹೋದರು. ಯಾವ ಟ್ಯೂಬು, ಎಷ್ಟು ಎತ್ತರದಲ್ಲಿದೆ, ಹಾಕಿ ಎಷ್ಟು ತಿಂಗಳಾಯಿತು, ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರುತ್ತೀರಾ. ಲಾಸ್ಯ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಡಾಕ್ಟರಿಗೇ ಆಶ್ಚರ್ಯವಾಯಿತು.

"ಲೈಟಿಗೂ ಇವನಿಗೂ ಮಧ್ಯೆ ಏನಾದ್ರೂ ಇದ್ಯಾ? ಗಾಜು, ಪ್ಲಾಸ್ಟಿಕ್ಕು? ಎಷ್ಟೇ ಪಾರದರ್ಶಕ ಆಗಿದ್ರೂ ಸರಿ, ನಮ್ ಕಣ್ಣಿಗೆ ಬೆಳಕು ಬರ್ತಿರುತ್ತೆ, ಇವನಿಗೆ ಬೇಕಾದ ಕಿರಣ ಅಲ್ಲೇ ನಿಂತ್ಹೋಗುತ್ತೆ."

ಏನೂ ಇಲ್ಲ, ಬರೀ ಜಾಲರಿ ಎಂದಳು ಲಾಸ್ಯ, ಖಂಡಿತವಾಗಿ. ಮೃತ್ಯುಂಜಯಪ್ಪನವರು ಗೋಡೆಯ ಕಡೆ ತಿರುಗಿದರು. ಅಲ್ಲಿ ನಾಯಿ ತಳಿಗಳ ಚಾರ್ಟೊಂದನ್ನು ಯಾರೋ ಲ್ಯಾಮಿನೇಟ್ ಮಾಡಿಸಿ ಹಾಕಿದ್ದರು. ಮೂಲೆಯಲ್ಲಿ ದೊಡ್ಡ ಗಾಳಿಗುಳ್ಳೆ ಇತ್ತು. ಬೇರೆ ದಿನವಾಗಿದ್ದರೆ ಅದರ ಬಗ್ಗೆ ಕಾಲು ಗಂಟೆ ಮಾತಾಡುತ್ತಿದ್ದರು. ಇವತ್ತು ಆ ಗುಳ್ಳೆಯನ್ನೇ ನೋಡುತ್ತ ನಿಂತರು. ಮೇಜಿನ ಮೇಲಿನ ಪಚ್ಚಪ್ಪ ಒಂದು ಕಣ್ಣನ್ನು ಡಾಕ್ಟರ ಮೇಲಿಟ್ಟು ಇನ್ನೊಂದನ್ನು ತಿರುಗಿಸಿ ನೇರವಾಗಿ ಅವರನ್ನೇ ನೋಡಿದ.

ಬಾಯಿಗೆ ಹನಿ ಹನಿಯಾಗಿ ಹಾಕುವ ಕ್ಯಾಲ್ಸಿಯಂ ಔಷಧಿ, ಬೆಳಗಿನ ಎಳೆ ಬಿಸಿಲು, ಅದೂ ಕಿಟಕಿಯ ಗಾಜಿನ ಮೂಲಕವಲ್ಲ, ಬಯಲಿನಲ್ಲಿ, ಪಕ್ಕದಲ್ಲೇ ನೆರಳು. ಬದುಕುತ್ತಾನೆ ಎಂದು ಮಾತು ಕೊಡಲಾರೆ, ಹತ್ತು ದಿನ ಬಿಟ್ಟು ಕರೆತನ್ನಿ ಎಂದರು ಡಾಕ್ಟರು. ವಾಪಸ್ ಬರುವಾಗ ಲಾಸ್ಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸೀರೆಯ ಮಡಿಕೆ ಸರಿಮಾಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

"ಇವನನ್ನ ಬೆಂಗಳೂರಿನವ್ರಿಗೇ ವಾಪಸ್ ಕೊಟ್ಬುಡ್ತೀನಿ ಅಪ್ಪಾಜಿ. ಮಕ್ಳಿಗೆ ವಿಟಮಿನ್ ಡಿ ಪಾಠ ಮಾಡ್ತೀನಿ, ಮನೇಲಿರೋ ಒಂದ್ ಜೀವ ಉಳಿಸ್ಕೊಳಕ್ ಆಗ್ಲಿಲ್ಲ. ಏನೋ ತಪ್ಪು ಮಾಡ್ತಿದ್ದೀನಿ, ಏನೂಂತಾನೇ ಗೊತ್ತಾಗ್ತಿಲ್ಲ."

ಮೃತ್ಯುಂಜಯಪ್ಪನವರು ಬಾಯಿ ತೆರೆದರು. ಆಟೋ ಹಂಪ್ ಹತ್ತಿತು. ಬಾಯಿ ಮುಚ್ಚಿಕೊಂಡಿತು. ಆಮೇಲೆ ಮನೆಯವರೆಗೂ ಒಂದೂ ಹಂಪ್ ಬರಲಿಲ್ಲ, ಆದರೂ ಅವರು ಬಾಯಿ ತೆರೆಯಲಿಲ್ಲ.

ಅವರ ಯೋಜನೆ ಸರಳವಾಗಿತ್ತು. ಯಾರೂ ನೋಡದಾಗ ಹಾಳೆ ಕಿತ್ತುಬಿಡುವುದು. ಹಾಕಿದ್ದೇ ಗೊತ್ತಾಗದ ಮೇಲೆ ತೆಗೆದದ್ದು ಹೇಗೆ ಗೊತ್ತಾಗುತ್ತದೆ? ಲಾಸ್ಯ ಕೋಣೆಗೆ ಹೋದ ಕೂಡಲೇ ಲೈಟು ಆರಿಸಿ ತಗಡನ್ನು ಮಗುಚಿ ಕೂತರು. ಹಾಳೆ ಜಪ್ಪಯ್ಯ ಎನ್ನಲಿಲ್ಲ. ಅವರ ಕೆಲಸ ಅಷ್ಟು ಚೆನ್ನಾಗಿತ್ತು. ಉಗುರು ಹಾಕಿದರು, ಚಮಚ ಹಾಕಿದರು, ಕೊನೆಗೆ ಬ್ಲೇಡು ತಂದು ಕುಯ್ದಾಗ ಟೇಪು ಮನೆಗೆಲ್ಲ ಕೇಳುವ ಹಾಗೆ ಚರ್ರೆಂದು ಬಿಟ್ಟಿತು. ತಲೆ ಎತ್ತಿದರೆ ಬಾಗಿಲಲ್ಲಿ ಸರ್ವಮಂಗಳಾ. ಅವರು ಹಾಳೆಯನ್ನು ನೋಡಿದರು, ಬ್ಲೇಡು ನೋಡಿದರು, ಗಂಡನ ಮುಖ ನೋಡಿದರು. ಒಂದು ಮಾತೂ ಆಡದೆ ಅಡುಗೆಮನೆಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಮಾತಾಡದೆ ಹೋದದ್ದು ಅದು ಎರಡನೆಯ ಸಲ. ಮೊದಲನೆಯದು ಸಾರಿನ ಪುಡಿಯ ದಿನ.

ಪಕ್ಕದ ಕೋಣೆಯಿಂದ ಲಾಸ್ಯಳ ಫೋನಿನ ಮಾತು ಕೇಳಿಸುತ್ತಿತ್ತು. ನಾಳೆ ಬೆಳಗಿನ ಬಸ್ಸಿಗೇ ತರುತ್ತೇನೆ, ನನ್ನ ಕೈಲಿ ಇದ್ದರೆ ಸತ್ತುಹೋಗುತ್ತಾನೆ ಎನ್ನುತ್ತಿದ್ದಳು. ಹಾಳೆಯನ್ನು ಬೀರುವಿನಲ್ಲಿರುವ ಬೇರೆ ಹಾಳೆಗಳ ಜೊತೆ ಸೇರಿಸಿಬಿಟ್ಟರೆ ಭೂಮಿಯ ಮೇಲೆ ಯಾರೂ ಕಂಡುಹಿಡಿಯುವಂತಿರಲಿಲ್ಲ. ಮೃತ್ಯುಂಜಯಪ್ಪನವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಮಗಳೆದುರು ಸಣ್ಣವರಾಗುವ ಭಯವೂ ಇತ್ತು. ಆದರೆ ಅವಳ ಆ ಮಾತನ್ನು ಕೇಳುತ್ತ ಕೂರಲು ಅವರಿಂದ ಆಗಲಿಲ್ಲ. ಹಾಳೆ ಹಿಡಿದುಕೊಂಡೇ ಒಳಗೆ ಹೋದರು.

"ಫೋನ್ ಇಡಮ್ಮ. ಇದನ್ನ ಲೈಟಿಗೆ ಹಾಕಿದ್ದೆ. ನೀರ್ ಬೀಳುತ್ತೆ ಅಂತ. ಎರಡ್ ತಿಂಗ್ಳಾಯ್ತು. ತಪ್ಪು ನಿಂದಲ್ಲ ಕಣಮ್ಮ, ನಂದು."

ಲಾಸ್ಯ ಮೊದಲು ಅವರ ಕೈಯಲ್ಲಿ ಏನೂ ಇಲ್ಲವೆಂದೇ ತಿಳಿದಳು. ಆಮೇಲೆ ಹಾಳೆಯನ್ನು ತೆಗೆದುಕೊಂಡು ದೀಪಕ್ಕೆ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು, ದುಂಡಗಿನ ಮೂಲೆಗಳ ಮೇಲೆ ಬೆರಳಾಡಿಸಿದಳು. ಅವರು ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು.

"ಹಾಕಿರೋದೇ ಗೊತ್ತಾಗಲ್ಲ ಅಪ್ಪಾಜಿ," ಎಂದಳು.

ಇಪ್ಪತ್ತೊಂದು ವರ್ಷದಿಂದ ಯಾರಾದರೂ ಆ ಮಾತು ಹೇಳಲಿ ಎಂದು ಕಾದಿದ್ದ ಮನುಷ್ಯ ಅವರು. ಹೇಳಿಸಿಕೊಂಡ ಮೇಲೆ ಮುಖ ಎತ್ತಲಾಗದೆ ನಿಂತರು. ಅಷ್ಟು ನೋವಾಯಿತು.

ಪಚ್ಚಪ್ಪ ಬೆಂಗಳೂರಿಗೆ ಹೋಗಲಿಲ್ಲ. ಲಾಸ್ಯ ಮೂರು ದಿನ ಅಪ್ಪನ ಜೊತೆ ಔಷಧಿಯ ಹೊತ್ತು ಬಿಟ್ಟು ಬೇರೇನೂ ಮಾತಾಡಲಿಲ್ಲ. ಅವರು ದಿನವೂ ಬೆಳಗ್ಗೆ ಪಚ್ಚಪ್ಪನನ್ನು ಮಹಡಿಗೆ ಒಯ್ದು, ಕುಂಡದ ದಾಸವಾಳದ ಮೇಲೆ ಬಿಟ್ಟು, ಕಾಗೆ ಓಡಿಸಲು ಕೊಡೆ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಅಂಗಡಿ ಹತ್ತೂವರೆಗೆ ತೆರೆಯತೊಡಗಿತು. ಎದುರುಮನೆಯ ವೃಷಭೇಂದ್ರಪ್ಪನವರು ಅವರ ಬೋಳುತಲೆ ನೋಡಿ ಮರುಗಿ, ಆ ಕೊಡೆಯನ್ನಾದರೂ ಬಿಚ್ಚಿ ಹಿಡಿಯಬಾರದೇ ಎಂದು ಕೂಗಿ ಕೇಳಿದರು. ಅದರ ನೆರಳು ಎಲ್ಲಿ ಪಚ್ಚಪ್ಪನ ಮೇಲೆ ಬೀಳುತ್ತದೋ ಎಂದು ಇವರು ಬಿಚ್ಚಲಿಲ್ಲ. ಹತ್ತು ದಿನಕ್ಕೆ ದವಡೆ ಕೊಂಚ ಗಟ್ಟಿಯಾಯಿತು. ತಿಂಗಳೊಪ್ಪತ್ತಿಗೆ ಮೈಗೆ ಹಸಿರು ಬಂತು, ನಾಲಗೆ ಗುರಿ ಮುಟ್ಟಿತು. ಬಾಗಿದ ಮುಂಗಾಲು ಮಾತ್ರ ನೆಟ್ಟಗಾಗುವುದಿಲ್ಲ ಎಂದರು ಡಾಕ್ಟರು.

ಲಾಸ್ಯ ಒಂದು ಕಾಗದದಲ್ಲಿ "ಇದರ ಕೆಳಗೆ ಏನನ್ನೂ ಹಾಕಬಾರದು" ಎಂದು ಬರೆದು ತಗಡಿನ ಪಕ್ಕಕ್ಕೆ ಅಂಟಿಸಿದ್ದಳು. ನೀರು ಸಿಂಪಡಿಸಿ ಸಿಂಪಡಿಸಿ ವಾರಕ್ಕೆಲ್ಲ ಶಾಯಿ ಇಳಿದು ಅಕ್ಷರ ಮಾಯವಾಯಿತು. ಮೃತ್ಯುಂಜಯಪ್ಪನವರು ಅದನ್ನು ಬಿಡಿಸಿಕೊಂಡು ಜೇಬಿನಲ್ಲಿಟ್ಟು ಅಂಗಡಿಗೆ ಹೋದರು. ಮೆಷಿನ್ ಬಿಸಿಯಾಗಿತ್ತು, ಕವರೂ ಕೈಯಲ್ಲಿತ್ತು. ಎದುರಿನ ಗೋಡೆಯಲ್ಲಿ ಕಾಫಿಪುಡಿ ಬಣ್ಣದ ವೀಳ್ಯದೆಲೆ ಇತ್ತು. ಅದನ್ನು ನೋಡಿದವರು ಕವರನ್ನು ಡ್ರಾಯರಿಗೆ ಹಾಕಿ, ಹೊಸ ಕಾಗದ ತೆಗೆದು ಅದೇ ಮಾತನ್ನು ತಮ್ಮ ಕೈಯಾರೆ ಬರೆದರು.

ಈಗಲೂ ಪ್ರತಿ ಭಾನುವಾರ ಒದ್ದೆಯಾದ ಕಾಗದ ತೆಗೆದು ಹೊಸದು ಬರೆದು ಅಂಟಿಸುವುದು ಅವರ ಕೆಲಸ. ಆ ಹೊತ್ತಿನಲ್ಲಿ ಪಚ್ಚಪ್ಪ ಒಂದು ಕಣ್ಣನ್ನು ಕಾಗದದ ಮೇಲೂ ಇನ್ನೊಂದನ್ನು ಅವರ ಕೈ ಮೇಲೂ ಇಟ್ಟುಕೊಂಡು, ಅವರು ಅಂಟಿಸಿ ಮುಗಿಸಿ ಹಿಂದೆ ಸರಿಯುವವರೆಗೂ ಹುಳು ಮುಟ್ಟುವುದಿಲ್ಲ.